ಹುಣ್ಣಿಮೆಗೊಂದು ಗೆರೆ

ನಮ್ಮೂರಿನಲ್ಲಿ ಇಬ್ಬರು ಎದುರಾದರೆ ಊಟ ಆಯಿತಾ ಎಂದು ಯಾರೂ ಕೇಳುವುದಿಲ್ಲ. ಎಲ್ಲಿಗೆ ಬಂತು ಎಂದು ಕೇಳುತ್ತಾರೆ. ಎದುರಿನವರು ‘ಹುಬ್ಬಿಗೆ ಬಂದೈತೆ’ ಎಂದೋ, ‘ನಮ್ದಿನ್ನೂ ಫ್ಯಾನಿನ ರೆಕ್ಕೆಲೇ ಐತೆ’ ಎಂದೋ ಹೇಳಿ ಮುಂದೆ ಹೋಗುತ್ತಾರೆ. ಹೊರಗಿನಿಂದ ವರ್ಗವಾಗಿ ಬಂದ ಮೇಷ್ಟ್ರುಗಳಿಗೆ ಮೊದಲ ತಿಂಗಳು ಇದು ತಲೆಬುಡ ಅರ್ಥವಾಗುವುದಿಲ್ಲ. ಎರಡನೆಯ ತಿಂಗಳಿಂದ ಅವರೂ ಕೇಳಲು ಶುರು ಮಾಡುತ್ತಾರೆ.

ಬರುವುದು ಫೋಟೋ. ಅಮಾವಾಸ್ಯೆಗೊಂದು ಗೆರೆ, ಹುಣ್ಣಿಮೆಗೊಂದು ಗೆರೆ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಸರಿಯಾಗಿ. ಒಂದು ಫೋಟೋಗೆ ನಾನೂರ ಎಂಬತ್ತು ಗೆರೆ. ಮೇಲಿನಿಂದ ಕೆಳಕ್ಕೆ ಒಂದೊಂದೇ ಇಳಿಯುತ್ತದೆ. ಪೂರ್ತಿ ಇಳಿದು ಮುಗಿಯಲು ಹತ್ತೊಂಬತ್ತು ವರ್ಷದ ಮೇಲೆ ಕೆಲವು ತಿಂಗಳು ಬೇಕು. ಅಧಿಕ ಮಾಸ ಬಂದ ವರ್ಷ ಎರಡು ಗೆರೆ ಹೆಚ್ಚಿಗೆ ಸಿಗುತ್ತದೆಂದು ಜನ ಹಿಗ್ಗುತ್ತಾರೆ.

ಎಲ್ಲ ಫೋಟೋಗಳೂ ಹೀಗೇನಿಲ್ಲ. ಊರಿಗೆ ಇಂಟರ್ನೆಟ್ ಬಂದ ಮೊದಲ ಮೂರು ವರ್ಷದಲ್ಲಿ ಹಾಕಿದವು ಮಾತ್ರ. ಆಗ ನಾಗಭೂಷಣ ಮೇಷ್ಟ್ರು ತಮ್ಮ ಟೈಪಿಂಗ್ ಕ್ಲಾಸಿನ ಯಂತ್ರಗಳನ್ನು ಅಟ್ಟಕ್ಕೆ ಹಾಕಿ, ಅವುಗಳ ಜಾಗದಲ್ಲಿ ನಾಲ್ಕು ಕಂಪ್ಯೂಟರ್ ಇಟ್ಟು, ಊರಿನ ಹೆಸರಿನಲ್ಲಿ ಒಂದು ವೆಬ್‌ಸೈಟ್ ಮಾಡಿದರು. ನೀಲಿ ಹಿನ್ನೆಲೆ, ಹಳದಿ ಅಕ್ಷರ, ಮೇಲೆ ಪಟಪಟ ರೆಕ್ಕೆ ಬಡಿಯುವ ಒಂದು ಪಾರಿವಾಳ. ಅದರ ಕೆಳಗೆ ‘ನಮ್ಮ ಮನೆಗಳು’ ಎಂದು ಒಂದು ಪುಟ. ಊರಿನವರ ಫೋಟೋ ಹಾಕಲು ಇದ್ದ ಜಾಗ ಅದೇ. ಮೇಷ್ಟ್ರು ಈಗಿಲ್ಲ. ಸೆಂಟರನ್ನು ನಾನು ನೋಡಿಕೊಳ್ಳುತ್ತೇನೆ. ನನ್ನ ಹೆಸರು ಜಯಣ್ಣ.

ಆ ಫೋಟೋಗಳನ್ನೆಲ್ಲ ತೆಗೆದವನೂ ನಾನೇ. ನನಗಾಗ ಹತ್ತೊಂಬತ್ತು. ಮೇಷ್ಟ್ರು ಪಟ್ಟಣದಿಂದ ಒಂದು ಡಿಜಿಟಲ್ ಕ್ಯಾಮೆರಾ ತಂದಿದ್ದರು, ಇಟ್ಟಿಗೆಯಷ್ಟು ತೂಕ. ಅದರ ಹೊಟ್ಟೆಗೆ ಫ್ಲಾಪಿ ತುರುಕಬೇಕಿತ್ತು. ಸೆಂಟರಿಗೆ ಬಂದು ಫ್ಲಾಪಿಯಿಂದ ಫೋಟೋವನ್ನು ನೆಟ್‌ಗೆ ಹಾಕಿ, ಫ್ಲಾಪಿ ಅಳಿಸಿ, ಮುಂದಿನ ಮನೆಗೆ ಹೋಗಬೇಕು. ಇದ್ದದ್ದು ಎರಡೇ ಫ್ಲಾಪಿ. ಮನೆಯವರೆಲ್ಲ ಹೊಸ ಬಟ್ಟೆ ಹಾಕಿ, ಮುಖಕ್ಕೆ ಪೌಡರ್ ಮೆತ್ತಿಕೊಂಡು, ಹೊಸ ಟೀವಿಯ ಪಕ್ಕವೋ ಹೊಸ ಸೋಫಾದ ಮೇಲೋ ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ನಾನು ‘ರೆಡೀ’ ಎಂದು ಒತ್ತುತ್ತಿದ್ದೆ. ಅಷ್ಟೇ. ಒಂದು ಮನೆಗೆ ಒಂದು ಫೋಟೋ. ಕಣ್ಣು ಮುಚ್ಚಿದವರದು ಮುಚ್ಚಿಯೇ ಹೋಯಿತು.

ಈಗ ನನ್ನ ಜೇಬಿನಲ್ಲಿರುವ ಫೋನಿನಲ್ಲಿ ಮೂರು ಸಾವಿರ ಫೋಟೋ ಇವೆ. ಒತ್ತಿದ ಕೂಡಲೇ ಪೂರ್ತಿ ಬಂದು ಎದುರಿಗೆ ನಿಲ್ಲುತ್ತವೆ. ಅವುಗಳಲ್ಲಿ ಯಾವುದನ್ನಾದರೂ ಎರಡನೆಯ ಸಲ ನೋಡಿದ್ದೇನೆಯೇ ಎಂದು ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತದೆ, ಏಕೆಂದರೆ ನೋಡಿಲ್ಲ.

ನನಗೆ ಫೋಟೋ ತೆಗೆಯಲು ಯಾರೂ ಹೇಳಿಕೊಟ್ಟಿರಲಿಲ್ಲ. ಬೆಳಕಿಲ್ಲದಿದ್ದರೆ ಫೋಟೋ ಕಪ್ಪಗೆ ಬರುತ್ತದೆ ಎಂದು ಮೇಷ್ಟ್ರು ಹೇಳಿದ್ದರು. ಹಾಗಾದರೆ ಬೆಳಕು ಫೋಟೋದ ಒಳಗೆ ಇರಬೇಕು ಎಂದು ನಾನು ತಿಳಿದುಕೊಂಡೆ. ಪ್ರತಿ ಮನೆಯಲ್ಲೂ ಟ್ಯೂಬ್‌ಲೈಟ್ ಪೂರ್ತಿ ಸಿಗುವವರೆಗೆ ಕ್ಯಾಮೆರಾವನ್ನು ಮೇಲೆತ್ತಿದೆ. ಹಾಗಾಗಿ ನಮ್ಮೂರಿನ ಯಾವ ಫೋಟೋದಲ್ಲೇ ಆಗಲಿ, ಮೊದಲ ಎಂಟು ಹತ್ತು ವರ್ಷ ಬರೀ ಸೂರು, ಫ್ಯಾನು, ಟ್ಯೂಬ್‌ಲೈಟು, ಅಟ್ಟದ ಮೇಲಿನ ಹಂಡೆ. ಮನುಷ್ಯರು ಆಮೇಲೆ. ಇದಕ್ಕಾಗಿ ನನ್ನನ್ನು ಬಯ್ಯದವರು ಊರಿನಲ್ಲಿ ಇಲ್ಲ. ಆದರೂ ಹಲವರಿಗೆ ತಮ್ಮ ಹಳೇ ಮನೆಯ ಸೂರು ಹೇಗಿತ್ತೆಂದು ಗೊತ್ತಾದದ್ದು ಆಗಲೇ. ಹಂಡೆ ನೋಡಿ ಅತ್ತವರಿದ್ದಾರೆ.

ಜನ ಒಗ್ಗಿಕೊಂಡರು. ಫೋಟೋದಲ್ಲಿ ಮನೆಯವರ ಕಣ್ಣು ಪೂರ್ತಿ ಇಳಿದ ದಿನ ಬೀದಿಯವರನ್ನೆಲ್ಲ ಕರೆದು ಶಾವಿಗೆ ಪಾಯಸದ ಊಟ ಹಾಕುವ ಪದ್ಧತಿ ಬಂತು. ಅದಕ್ಕೆ ಕಣ್ಣೂಟ ಎನ್ನುತ್ತಾರೆ. ಬಟ್ಟೆ ಅಂಗಡಿಯ ಈರಣ್ಣನ ಮನೆಯವರು ಎರಡು ಕರಿ ಚುಕ್ಕೆ ಕಂಡ ಕೂಡಲೇ ಅವಸರ ಮಾಡಿ ನೂರು ಜನಕ್ಕೆ ಕಣ್ಣೂಟ ಹಾಕಿದರು. ಮೂರು ತಿಂಗಳ ಮೇಲೆ ಅದು ಗೋಡೆಯ ಸ್ವಿಚ್‌ಬೋರ್ಡ್ ಎಂದು ತಿಳಿಯಿತು. ನಿಜವಾದ ಕಣ್ಣು ಬಂದಾಗ ಅವರು ಮತ್ತೆ ಹಾಕಲಿಲ್ಲ, ಉಂಡವರೂ ಕೇಳಲಿಲ್ಲ. ಕಾಂಪೌಂಡ್ ಗೋಡೆಯ ಜಗಳವೊಂದು ಹನ್ನೊಂದು ವರ್ಷ ನಿಂತಲ್ಲೇ ನಿಂತಿತ್ತು. ಎರಡೂ ಕಡೆಯವರು ಕಿಟಕಿಯಾಚೆಯ ಗಡಿಕಲ್ಲು ಫೋಟೋದಲ್ಲಿ ಇಳಿಯಲಿ ಎಂದು ಕಾದರು. ಕಲ್ಲು ಇಳಿಯುವಷ್ಟರಲ್ಲಿ ಇಬ್ಬರೂ ಬೀಗರಾಗಿದ್ದರು.

ನಾನು ಹೇಳಹೊರಟದ್ದು ಪಂಕಜಕ್ಕನ ಫೋಟೋ ವಿಷಯ. ಪಂಕಜಕ್ಕ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಗಿರಣಿ ಮೊದಲು ಅವಳ ಗಂಡ ತಿಪ್ಪೇಶಪ್ಪನದು. ಅಮಾವಾಸ್ಯೆ, ಹುಣ್ಣಿಮೆಯ ದಿನ ಹತ್ತು ಗಂಟೆಗೆ ಗಿರಣಿ ನಿಲ್ಲಿಸಿ, ಹುಬ್ಬಿನ ಮೇಲೆ ರಾಗಿ ಹಿಟ್ಟು ಹಾಗೇ ಇಟ್ಟುಕೊಂಡು ನನ್ನ ಸೆಂಟರಿಗೆ ಬಂದು ಎರಡನೇ ಕಂಪ್ಯೂಟರಿನ ಮುಂದೆ ಕೂರುತ್ತಿದ್ದಳು. ಆಮೇಲಾಮೇಲೆ ಯಾವ ಫೋನಿನಲ್ಲಿ ಬೇಕಾದರೂ ನೋಡಬಹುದಿತ್ತು. ಅವಳಿಗೆ ಆ ಕುರ್ಚಿಯೇ ಬೇಕಿತ್ತು. ಮೊದಲ ಗೆರೆಯಿಂದ ಕಡೆಯ ಗೆರೆಯವರೆಗೆ ಅವಳು ತಪ್ಪಿಸಿದ್ದು ಎರಡೇ ಸಲ, ಒಮ್ಮೆ ಟೈಫಾಯಿಡ್, ಒಮ್ಮೆ ತಾಯಿಯ ತಿಥಿ.

ಅವಳ ಫೋಟೋ ತೆಗೆದದ್ದು ಅವರ ಮನೆಗೆ ಫ್ರಿಜ್ ಬಂದಾಗ. ತಿಪ್ಪೇಶಪ್ಪ ಯಾರನ್ನೂ ಕೇಳದೆ ಫ್ರಿಜ್ ತಂದಿದ್ದ. ಪಂಕಜಕ್ಕನಿಗೆ ಬೇಕಿದ್ದದ್ದು ಹೊಲಿಗೆ ಯಂತ್ರ. ಅವಳು ಅವತ್ತಿನಿಂದ ಮಾತು ಬಿಟ್ಟಳು. ಅವನೂ ಮಾತಾಡಿಸಲಿಲ್ಲ. ಮೂರನೆಯ ದಿನ ನಾನು ಹೋಗಿ ಇಬ್ಬರನ್ನೂ ಫ್ರಿಜ್ಜಿನ ಪಕ್ಕ ನಿಲ್ಲಿಸಿ ಫೋಟೋ ತೆಗೆದೆ. ಆರನೆಯ ದಿನ ತಿಪ್ಪೇಶಪ್ಪ ಗಿರಣಿಯಲ್ಲಿ ಜೋಳ ಸುರಿಯುತ್ತಿದ್ದವನು ಎದೆ ಹಿಡಿದುಕೊಂಡು ಕೂತ, ಹಾಗೇ ಹೋದ. ಅಷ್ಟರಲ್ಲಿ ಇಬ್ಬರೂ ಒಂದು ಮಾತೂ ಆಡಿರಲಿಲ್ಲ.

ಬೇರೆ ಫೋಟೋ ಅವಳ ಹತ್ತಿರ ಇರಲಿಲ್ಲ. ಮದುವೆಯದು ಒಂದಿತ್ತು. ಅದರಲ್ಲಿ ತಿಪ್ಪೇಶಪ್ಪನ ಮುಖಕ್ಕೆ ಬಾಸಿಂಗ, ಬಾಸಿಂಗದಿಂದ ಗದ್ದದವರೆಗೆ ಇಳಿಬಿಟ್ಟ ಮಲ್ಲಿಗೆ ಸರ. ಹೂವಿನ ಸಂದಿಯಲ್ಲಿ ಒಂದು ಮೂಗು ಕಾಣುತ್ತಿತ್ತು. ಅದು ಯಾವ ಗಂಡಸಿನ ಮೂಗಾದರೂ ಆಗಬಹುದಿತ್ತು.

ಎಂಟು ವರ್ಷ ಅವಳು ಗೋಡೆ ನೋಡುತ್ತ ಕೂತಳು. ಒಂದು ಹುಣ್ಣಿಮೆಯ ದಿನ, ಅಟ್ಟದ ಮೇಲಿನ ಕೊಳಗದ ಕಂಠ ಇಳಿಯುತ್ತಿದ್ದಾಗ, ತಾನಾಗಿಯೇ ಹೇಳಿದಳು.

“ನನಗೆ ಅವ್ರ ಮುಖ ಮರೆತೋಗೈತೆ ಜಯಣ್ಣ. ಯಾರಿಗೂ ಹೇಳಿಲ್ಲ. ಕಣ್ಣು ಮುಚ್ಚಿದ್ರೆ ಅವ್ರ ಅಂಗಿ ಬತ್ತೈತೆ, ಚಪ್ಪಲಿ ಬತ್ತೈತೆ, ಮುಖ ಮಾತ್ರ ಬರಲ್ಲ.”

“ಇಳೀತೈತೆ ಬಿಡಕ್ಕ, ಇನ್ನೊಂದು ಏಳೆಂಟು ವರ್ಷ,” ಎಂದೆ. ನಮ್ಮೂರಿನಲ್ಲಿ ಇದು ಸಮಾಧಾನದ ಮಾತು.

“ಮುಖ ನೋಡಕ್ಕೆ ಅಂತಲೂ ಅಲ್ಲ ಕಣೋ. ಅವ್ರು ಸಿಟ್ಟಲ್ಲಿದ್ರಾ ಅಂತ ನೋಡ್ಬೇಕು. ನಾನು ಮಾತು ಬಿಟ್ಟಿದ್ದೆ, ನನ್ನ ಸಿಟ್ಟು ನಂಗೊತ್ತು. ಅವ್ರು ಸಿಟ್ಟಿಟ್ಕಂಡೇ ಹೋದ್ರಾ, ಇಲ್ಲ ನಾನು ಮಾತಾಡ್ಸಲಿ ಅಂತ ಕಾಯ್ತಿದ್ರಾ? ಅದೊಂದು ಗೊತ್ತಾದ್ರೆ ಸಾಕು.”

ಅವತ್ತಿನಿಂದ ಅವಳ ಫೋಟೋ ನನಗೂ ಮುಖ್ಯವಾಯಿತು. ಪ್ರತಿ ಗೆರೆಯ ಲೆಕ್ಕ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕತೊಡಗಿದೆ. ಟ್ಯೂಬ್‌ಲೈಟಿಗಾಗಿ ನಾನು ಕ್ಯಾಮೆರಾವನ್ನು ಎಷ್ಟು ಎತ್ತಿದ್ದೆನೆಂದರೆ, ಮುನ್ನೂರು ಗೆರೆ ಮುಗಿದರೂ ಫ್ರಿಜ್ಜಿನ ತಲೆಯ ಮೇಲಿನ ಪ್ಲಾಸ್ಟಿಕ್ ಹೂದಾನಿಯೇ ಕಾಣುತ್ತಿತ್ತು. ಉಳಿದದ್ದು ನೂರ ಎಂಬತ್ತು. ಅಷ್ಟರೊಳಗೆ ಇಬ್ಬರು ಮನುಷ್ಯರ ಮುಖ ಹಿಡಿಸಬೇಕು. ಪಂಕಜಕ್ಕ ಗಂಡನಿಗಿಂತ ನಾಲ್ಕು ಬೆರಳು ಎತ್ತರ. ಅಂದರೆ ಅವಳು ಮೊದಲು ಬರಬೇಕು, ಅವನು ಆಮೇಲೆ. ಗೆರೆ ಸಾಲದೆ ಹೋದರೆ ನಷ್ಟ ಅವನಿಗೇ. ನನಗೆ ಅನ್ನ ಸೇರುತ್ತಿರಲಿಲ್ಲ.

ಮುನ್ನೂರ ಎಪ್ಪತ್ತೆರಡನೆಯ ಗೆರೆಗೆ ಪಂಕಜಕ್ಕನ ಬೈತಲೆ ಬಂತು. ಬೀದಿಯವರೆಲ್ಲ ಸೆಂಟರಿಗೆ ಬಂದು ನೋಡಿದರು. ಮುಂದಿನ ಎಂಟು ತಿಂಗಳು ಎಲ್ಲರ ಕಣ್ಣು ಅವಳ ಬೈತಲೆಯ ಬಲಗಡೆಯ ಖಾಲಿ ಗೋಡೆಯ ಮೇಲೆ. ಮುನ್ನೂರ ಎಂಬತ್ತೆಂಟನೆಯ ಗೆರೆಯಲ್ಲಿ ಅಲ್ಲೊಂದು ಸಣ್ಣ ಕೆಂಗಂದು ಗೀಟು ಕಂಡಿತು. ಅಮಾವಾಸ್ಯೆಗೆ ಅದು ಎರಡೂ ಬದಿಗೆ ಅಗಲವಾಯಿತು. ಹುಣ್ಣಿಮೆಗೆ ಇನ್ನೂ ಅಗಲವಾಯಿತು. ಗುಂಡಗೆ, ನುಣ್ಣಗೆ, ಮಿರಮಿರ ಹೊಳೆಯುತ್ತ ಏನೋ ಬರುತ್ತಿತ್ತು.

“ಬಂದ್ರು!” ಎಂದಳು ಪಂಕಜಕ್ಕ. ಎದ್ದು ನಿಂತುಬಿಟ್ಟಳು.

ಕೂದಲು ಕಾಣಲಿಲ್ಲ. ಎರಡು ತಿಂಗಳು ಕಾದರೂ ಕಾಣಲಿಲ್ಲ. ತಿಪ್ಪೇಶಪ್ಪ ಬೋಳಾಗಿದ್ದನೆಂಬ ತೀರ್ಮಾನಕ್ಕೆ ಊರು ಬಂತು. ಮೊದಮೊದಲು ಅನುಮಾನವಿದ್ದವರಿಗೂ ಆಮೇಲೆ ನೆನಪಾಯಿತು. ಬಿಸಿಲಿನಲ್ಲಿ ಅವನ ತಲೆ ಹೊಳೆಯುತ್ತಿತ್ತೆಂದು ಒಬ್ಬರು ಹೇಳಿದರು. ಗಿರಣಿಯ ಹಿಟ್ಟು ತಲೆಯ ಮೇಲೆ ನಿಲ್ಲುತ್ತಲೇ ಇರಲಿಲ್ಲ, ಜಾರುತ್ತಿತ್ತು ಎಂದು ಇನ್ನೊಬ್ಬರು ಹೇಳಿದರು. ಕ್ಷೌರದ ಅಂಗಡಿಯ ಮುನಿಯಪ್ಪ ಒಬ್ಬನೇ ಒಪ್ಪಲಿಲ್ಲ.

“ಹದಿನೈದು ದಿನಕ್ಕೊಂದ್ಸಲ ನಾನೇ ಕಟಿಂಗ್ ಮಾಡ್ತಿದ್ದೆ ಕಣ್ರೋ. ತಲೆ ತುಂಬ ಕೂದ್ಲಿತ್ತು. ಎಂಥ ಬೋಳು?”

“ನೀನು ಅಷ್ಟು ಸಲ ಕತ್ತರಿಸಿದ್ರೆ ಇನ್ನೇನು ಉಳೀತೈತೆ?” ಎಂದು ಅವನ ಬಾಯಿ ಮುಚ್ಚಿಸಿದರು.

ಬೋಳು ಹಣೆಯಾಯಿತು. ಹಣೆ ಇಳಿಯುತ್ತಲೇ ಇತ್ತು. ಒಂದೂವರೆ ವರ್ಷ ಬರೀ ಹಣೆ ಬಂತು. ಈ ನಡುವೆ ಪಕ್ಕದಲ್ಲಿ ಪಂಕಜಕ್ಕನ ಹಣೆ ಬಂದು, ಕುಂಕುಮ ಬಂದು, ಗಂಟಿಕ್ಕಿದ ಹುಬ್ಬು ಬಂದು, ಕಣ್ಣೂ ಬಂದವು. ಕಣ್ಣು ಕೆಂಡ ಉಗುಳುತ್ತಿದ್ದವು. ಜನ ಕಣ್ಣೂಟ ಕೇಳಿದರೆ, “ನನ್ ಕಣ್ಣು ನಂಗೆ ದಿನಾ ಕನ್ನಡೀಲಿ ಕಾಣ್ತಾವೆ, ಅದಕ್ಕೆಂಥ ಊಟ? ಅವ್ರದು ಬರ್ಲಿ, ಇಡೀ ಬೀದಿಗೆ ಹಾಕ್ತೀನಿ,” ಎಂದಳು. ಶಾವಿಗೆ ಹೊಸೆದು, ಒಣಗಿಸಿ, ಡಬ್ಬಿಯಲ್ಲಿ ತುಂಬಿಟ್ಟಿದ್ದಳು. ಹಣೆ ದೊಡ್ಡದಿದ್ದವರು ಬುದ್ಧಿವಂತರೆಂದು ಬೀದಿಯವರು ಅವಳಿಗೆ ಹೇಳಿದರು. ಇಷ್ಟು ದೊಡ್ಡ ಹಣೆಯ ಮನುಷ್ಯ ಹಿಟ್ಟಿನ ಗಿರಣಿಯಲ್ಲಿ ಯಾಕೆ ಉಳಿದುಬಿಟ್ಟನೋ ಎಂದು ಮರುಗಿದರು.

ನನಗೆ ಗೊತ್ತಾದದ್ದು ನಾನೂರ ಹತ್ತನೆಯ ಗೆರೆಯ ಸುಮಾರಿಗೆ. ದೀಪಾವಳಿಗೆ ಸೆಂಟರ್ ಸಾರಿಸುವಾಗ ಬೀರುವಿನಲ್ಲಿ ಹಳೇ ಕ್ಯಾಮೆರಾ ಸಿಕ್ಕಿತು. ಧೂಳು ಒರೆಸಿ, ಸುಮ್ಮನೆ ಅಂದಿನಂತೆ ಕಣ್ಣಿಗೆ ಹಿಡಿದೆ. ತೂಕದ ಕ್ಯಾಮೆರಾ, ಬಿದ್ದು ಒಡೆದರೆ ಮೇಷ್ಟ್ರು ಚರ್ಮ ಸುಲಿಯುತ್ತಾರೆಂಬ ಹೆದರಿಕೆಗೆ ನಾನು ಅದನ್ನು ಕೆಳಗಿನಿಂದ ಎಡಗೈಯಲ್ಲಿ ಎತ್ತಿ ಹಿಡಿಯುತ್ತಿದ್ದೆ. ಬಾಗಿಲಾಚೆ ಎದುರಿಗೇ ಕ್ಷೌರದಂಗಡಿಯ ಕನ್ನಡಿ. ಕನ್ನಡಿಯಲ್ಲಿ ನೋಡಿದರೆ ನನ್ನ ತೋರುಬೆರಳಿನ ತುದಿ ಕ್ಯಾಮೆರಾದ ಕಣ್ಣಿಗೆ ಅಡ್ಡ ನಿಂತಿದೆ. ಇಣುಕಿ ನೋಡುವ ಕಿಂಡಿ ಬೇರೆ ಕಡೆ ಇದ್ದುದರಿಂದ ಒಳಗಿನಿಂದ ಅದು ಕಾಣುವುದಿಲ್ಲ.

ಕ್ಯಾಮೆರಾ ಕೆಳಗಿಟ್ಟೆ. ಆ ಬೋಳು ನನ್ನ ಬೆರಳು. ಆ ಹಣೆಯೂ ನನ್ನ ಬೆರಳು. ಅದು ಕೆಳಗಿನ ಅಂಚಿನಿಂದ ಎದ್ದು ಬಂದದ್ದು. ಅಂದಮೇಲೆ ಕೊನೆಯ ಗೆರೆಯವರೆಗೂ ಅದೇ ಇರುತ್ತದೆ. ಹದಿನಾರು ವರ್ಷ ಆ ಹೆಂಗಸು ಕಾದದ್ದು ನನ್ನ ಬೆರಳಿಗೆ.

ಹೇಳಬೇಕಿತ್ತು. ಹೇಳಲಿಲ್ಲ. ಒಂದು ವರ್ಷ ನಾನು ಎಡಗೈಯನ್ನು ಜೇಬಿನಲ್ಲಿಟ್ಟುಕೊಂಡೇ ಓಡಾಡಿದೆ. ಹುಣ್ಣಿಮೆ, ಅಮಾವಾಸ್ಯೆ ತಪ್ಪಲಿಲ್ಲ. ಅವಳು ಬಂದು ಕೂತು, ಗೆರೆ ಇಳಿದ ಮೇಲೆ ಪರದೆಯ ಹಿಟ್ಟನ್ನು ಸೆರಗಿನಿಂದ ಒರೆಸಿ, ‘ಇನ್ನೂ ಹಣೇನೇ’ ಎಂದು ಎದ್ದು ಹೋಗುತ್ತಿದ್ದಳು. ಎಲ್ಲರ ಫೋಟೋಗಳಂತೆ ಅದರಲ್ಲೂ ಬಲಗಡೆಯ ಕೆಳಮೂಲೆಯಲ್ಲಿ ಕಿತ್ತಳೆ ಬಣ್ಣದ ದಿನಾಂಕ ಬರಬೇಕಿತ್ತು. ನಾನು ಕ್ಯಾಮೆರಾಕ್ಕೆ ದಿನಾಂಕ ಕೂರಿಸಿದವನೇ ಅಲ್ಲವಾದ್ದರಿಂದ ಊರಿನ ಅಷ್ಟೂ ನಾಮಕರಣ, ಗೃಹಪ್ರವೇಶ, ಫ್ರಿಜ್ಜು ಎಲ್ಲ ಒಂದೇ ಜನವರಿ ಒಂದನೇ ತಾರೀಖಿನವು. ಆ ದಿನಾಂಕ ತಿಪ್ಪೇಶಪ್ಪನ ಹಣೆಯ ಮೇಲೇ ಮೂಡುತ್ತದೆಂದು ಜನ ಆಗಲೇ ಆಡಿಕೊಳ್ಳುತ್ತಿದ್ದರು. ನಾನೂ ಅವರ ಜೊತೆ ಹಲ್ಲು ಕಿರಿದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ನಾನೂರ ನಲವತ್ತೆರಡನೆಯ ಗೆರೆಗೆ ಪಂಕಜಕ್ಕನ ಗದ್ದ ಬಂದು ಮುಖ ಪೂರ್ತಿಯಾಯಿತು. ಪಕ್ಕದ ಹಣೆಗೆ ಇನ್ನೂ ಹುಬ್ಬು ಬಂದಿರಲಿಲ್ಲ. ಅವತ್ತು ಬಂದಿದ್ದ ನಾಲ್ಕು ಜನ ಎದ್ದುಹೋದ ಮೇಲೆ ಅವಳು ಒಬ್ಬಳೇ ಕೂತಿದ್ದಳು. ನಾನು ಹೋಗಿ ಪಕ್ಕದ ಕುರ್ಚಿಯಲ್ಲಿ ಕೂತು ಎಡಗೈಯನ್ನು ಜೇಬಿನಿಂದ ತೆಗೆದು ಕೀಬೋರ್ಡಿನ ಮೇಲಿಟ್ಟೆ.

“ಅಕ್ಕ, ಅದು ಅಣ್ಣ ಅಲ್ಲ.”

ಅವಳು ಪರದೆ ನೋಡುತ್ತಲೇ ಇದ್ದಳು.

“ಇದು,” ಎಂದು ಬೆರಳು ತೋರಿಸಿದೆ. “ಕ್ಯಾಮೆರಾಕ್ಕೆ ಅಡ್ಡ ಬಂದ್ಬಿಟ್ಟೈತೆ. ಒಂದು ವರ್ಷದಿಂದ ಗೊತ್ತು. ಹೇಳಕ್ಕೆ ಬಾಯಿ ಬರಲಿಲ್ಲ. ನಂಗೆ ಬೈದ್ಬಿಡು.”

“ನಂಗೂ ಗೊತ್ತು,” ಎಂದಳು ಪಂಕಜಕ್ಕ.

ನನಗೆ ತಿಳಿಯಲಿಲ್ಲ.

“ನಿನ್ನ ಬೆರಳು ಅಂತ ಗೊತ್ತಿರಲಿಲ್ಲ. ಅವ್ರಲ್ಲ ಅಂತ ಗೊತ್ತಿತ್ತು. ಮುಖ ಮರೆತೋಗಿರಬೋದು ಕಣೋ. ಹನ್ನೆರಡು ವರ್ಷ ವಾರ ವಾರ ಆ ತಲೆಗೆ ಎಣ್ಣೆ ಒತ್ತಿದೀನಿ. ಕೂದ್ಲು ಈ ಬೆರಳಿಗೆ ಗೊತ್ತಿಲ್ವಾ?” ಎಂದು ತನ್ನ ಕೈ ತೋರಿಸಿದಳು.

“ಮತ್ತೆ ಯಾಕೆ ಸುಮ್ನಿದ್ದೆ?”

“ಅವ್ರು ಹೋಗಿ ಇಷ್ಟು ವರ್ಷ ಆಯ್ತು, ಈ ಬೀದೀಲಿ ಯಾರಾದ್ರೂ ಅವ್ರ ಹೆಸ್ರು ಎತ್ತಿದ್ರಾ? ಈ ಬೋಳು ಬಂದ್ಮೇಲೆ ನೋಡು. ಬೆಳಿಗ್ಗೆ ಗಿರಣಿ ಬಾಗ್ಲು ತೆಗೆದ್ರೆ ಸಾಕು, ತಿಪ್ಪೇಶಪ್ಪ ಹಂಗೆ, ತಿಪ್ಪೇಶಪ್ಪ ಹಿಂಗೆ. ಬೋಳಾನೋ ಗೀಳಾನೋ, ಹೆಸ್ರಾದ್ರೂ ಆಡ್ತಿದ್ರಲ್ಲ. ನಾನ್ಯಾಕೆ ತಪ್ಪಿಸ್ಲಿ?”

ಬಯ್ದಿದ್ದರೆ ಚೆನ್ನಾಗಿತ್ತು. ನಾನು ಅಳತೊಡಗಿದೆ. ಮೂವತ್ತೇಳು ವರ್ಷದ ಗಂಡಸು, ಎಡಗೈ ಕೀಬೋರ್ಡಿನ ಮೇಲಿಟ್ಟುಕೊಂಡು. ಬೆರಳು ಯಾವುದೋ ಕೀ ಒತ್ತಿ ಕಂಪ್ಯೂಟರ್ ಕುಂಯ್ ಕುಂಯ್ ಎನ್ನುತ್ತಿತ್ತು. ಅವಳು ನನ್ನ ಕೈಯೆತ್ತಿ ಪಕ್ಕಕ್ಕಿಟ್ಟಳು. ಆಮೇಲೆ ಕೇಳಿದಳು.

“ಹೋಗ್ಲಿ, ನೀನು ಎದುರಿಗಿದ್ದೆಯಲ್ಲ. ಒತ್ತೋ ಹೊತ್ನಲ್ಲಿ ಅವ್ರ ಮುಖ ನೋಡಿದೀಯಲ್ಲ. ಹೇಳು. ಸಿಟ್ಟಲ್ಲಿದ್ರಾ?”

ಒಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತು. ನಗ್ತಿದ್ರು ಅಕ್ಕ ಎಂದಿದ್ದರೆ ಅವಳು ನಂಬುತ್ತಿದ್ದಳೋ ಏನೋ. ಆದರೆ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ನೋಡ್ಲಿಲ್ಲ ಅಕ್ಕ. ಟ್ಯೂಬ್‌ಲೈಟ್ ನೋಡ್ತಿದ್ದೆ.”

ಅವಳು ಎದ್ದು ಹೋದಳು. ಮುಂದಿನ ಅಮಾವಾಸ್ಯೆಗೆ ಬರಲಾರಳೆಂದುಕೊಂಡೆ. ಹತ್ತು ಗಂಟೆಗೆ ಬಂದು ಅದೇ ಕುರ್ಚಿಯಲ್ಲಿ ಕೂತಳು. ಇನ್ನೂ ಇಳಿಯಬೇಕಿದ್ದ ಗೆರೆಗಳಲ್ಲಿ ಇದ್ದದ್ದು ಅವಳ ಕುತ್ತಿಗೆ, ಸೆರಗು, ಫ್ರಿಜ್ಜಿನ ಹಿಡಿ, ನನ್ನ ಬೆರಳು, ಅಷ್ಟೇ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು. ಬೀದಿಯವರಿಗೆ ನಾನೇ ಹೇಳಿದೆ. ಅದು ಬೆರಳು ಎಂದು ತಿಳಿದ ಒಂದು ವಾರದಲ್ಲಿ ತಿಪ್ಪೇಶಪ್ಪನಿಗೆ ಮತ್ತೆ ಎಲ್ಲರ ನೆನಪಿನಲ್ಲಿ ಕೂದಲು ಬಂತು. ಮುನಿಯಪ್ಪ ನಾಲ್ಕು ದಿನ ಅಂಗಡಿಯ ಮೆಟ್ಟಿಲ ಮೇಲೆ ಎದೆಯುಬ್ಬಿಸಿ ನಿಂತಿದ್ದ. ಆಮೇಲೆ ಯಾರೂ ಆ ಹೆಸರು ಎತ್ತಲಿಲ್ಲ. ಪಂಕಜಕ್ಕ ಹೇಳಿದ್ದೇ ಸರಿ.

ನಾನೂರ ಐವತ್ತಾರನೆಯ ಗೆರೆಯಲ್ಲಿ ಅವಳ ಭುಜ ಬಂತು. ಎರಡಲ್ಲ, ಒಂದು, ಬೆರಳ ಕಡೆಯದು ಬೆರಳಿನ ಹಿಂದೆ ಹೋಗಿತ್ತು. ಫ್ರಿಜ್ಜಿನ ಕಡೆಯ ಭುಜದ ಮೇಲೆ ಸೆರಗಿನ ಅಂಚಿಗೆ ಒಂದು ಸಣ್ಣ ಉಬ್ಬು ಇತ್ತು. ಪಿನ್ನು ಹಾಕಿದ ಕಡೆ ಬಟ್ಟೆ ಎದ್ದಿದೆಯೆಂದು ನಾನೆಂದೆ. ನಾನು ಪಿನ್ನು ಹಾಕುವವಳಲ್ಲ ಎಂದಳು. ಅಮಾವಾಸ್ಯೆಗೆ ಉಬ್ಬು ಎರಡಾಯಿತು. ಹುಣ್ಣಿಮೆಗೆ ಮೂರು. ಆಮೇಲೆ ನಾಲ್ಕನೆಯದೂ ಬಂತು. ಗೆರೆಗೊಂದಿಷ್ಟು ಉದ್ದವಾಗುತ್ತ ಅವು ಭುಜದ ಮೇಲಿಂದ ಕೆಳಕ್ಕೆ ಬಂದವು. ಬೆನ್ನ ಹಿಂದಿನಿಂದ ಬಳಸಿ ಬಂದ ಒಂದು ಕೈಯ ಬೆರಳುಗಳು. ನನ್ನವಲ್ಲ. ನನ್ನ ಬೆರಳು ಆ ಕಡೆ ಬಲಕ್ಕೆ ಗುಡ್ಡದಂತೆ ಕೂತಿತ್ತು.

ನಾನೂರ ಎಪ್ಪತ್ತೊಂದನೆಯ ಗೆರೆಯಲ್ಲಿ ಮೂರು ಬೆರಳು ಮುಂದುವರಿದವು, ಒಂದು ನಿಂತಿತು. ಕಿರುಬೆರಳು ಅರ್ಧಕ್ಕೇ ಮುಗಿದಿತ್ತು.

“ಗಿರಣಿ ಬೆಲ್ಟಿಗೆ ಹೋಗಿದ್ದು,” ಎಂದಳು ಪಂಕಜಕ್ಕ. “ಮದುವೆಗಿಂತ ಮುಂಚೆ.” ಪರದೆಯ ಹತ್ತಿರಕ್ಕೆ ಮುಖ ತಂದಳು. ಅವಳ ಉಸಿರಿಗೆ ಗಾಜು ಮಸುಕಾಗುತ್ತಿತ್ತು, ಒರೆಸುತ್ತಿದ್ದಳು. “ನನ್ನ ಭುಜದ ಮೇಲೆ ಕೈ ಹಾಕವ್ರೆ.”

“ಹೂಂ ಅಕ್ಕ.”

“ನಂಗೆ ಗೊತ್ತೇ ಆಗ್ಲಿಲ್ಲ.” ಮತ್ತೆ ಗಾಜು ಒರೆಸಿದಳು. “ಅಲ್ಲ, ಗೊತ್ತಾಯ್ತು. ಏನೋ ಇದೆ ಅನ್ನಿಸ್ತು ಭುಜದ ಮೇಲೆ. ಸೆರಗು ಜಾರ್ತೈತೆ ಅಂದ್ಕಂಡೆ. ನೀನು ಒತ್ತಿದ ಕೂಡ್ಲೆ ಹಿಂಗೆ ಕೊಡವಿದೆ.” ಕೂತಲ್ಲೇ ಭುಜ ಕೊಡವಿ ತೋರಿಸಿದಳು. ಹಿಟ್ಟು ಉದುರಿತು.

ಆಮೇಲೆ ಅವಳು ಅತ್ತಳು. ಹತ್ತೊಂಬತ್ತು ವರ್ಷದಲ್ಲಿ ಅವಳು ನನ್ನೆದುರು ಅತ್ತದ್ದು ಅದೊಂದೇ ಸಲ. ಗೋಡೆ ನೋಡುವಾಗ ಅಳಲಿಲ್ಲ, ಬೆರಳೆಂದು ಹೇಳಿದಾಗ ಅಳಲಿಲ್ಲ. ಈಗ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಹಸುಳೆಯಂತೆ ಅತ್ತಳು. ನಾನು ಹೊರಗೆ ಹೋಗಿ ಮುನಿಯಪ್ಪನಿಂದ ಒಂದು ಲೋಟ ನೀರು ಕೇಳಿ ತಂದೆ. ತರುವಷ್ಟರಲ್ಲಿ ಕಣ್ಣೊರೆಸಿಕೊಂಡಿದ್ದಳು. ಹುಬ್ಬಿನ ಹಿಟ್ಟು ಕೆನ್ನೆಯ ಮೇಲೆ ಅಂಟಾಗಿತ್ತು.

“ಸಿಟ್ಟಿರಲಿಲ್ಲ ಕಣೋ ಜಯಣ್ಣ,” ಎಂದಳು. “ಅವ್ರಿಗೆ ಸಿಟ್ಟಿರಲಿಲ್ಲ. ಸಿಟ್ಟೆಲ್ಲ ನಂದೇ. ನೋಡು, ಹೆಂಗೆ ಮುಖ ಊದಿಸ್ಕಂಡು ನಿಂತೀನಿ.”

ಪರದೆಯ ಮೇಲಿನ ಪಂಕಜಕ್ಕ ನನ್ನನ್ನು ದುರುಗುಟ್ಟಿಕೊಂಡು ನೋಡುತ್ತಿದ್ದಳು. ಅವಳ ಭುಜದ ಮೇಲೆ ಮೂರೂವರೆ ಬೆರಳಿದ್ದವು.

ಕೊನೆಯ ಗೆರೆ ಬಂದದ್ದು ಒಂದು ಹುಣ್ಣಿಮೆಗೆ. ಅದರಲ್ಲಿ ವಿಶೇಷವೇನಿರಲಿಲ್ಲ, ಸೆರಗಿನ ಇನ್ನೊಂದು ಎಳೆ. ಯಜಮಾನನ ಕಣ್ಣು ಬಾರದ ಫೋಟೋಗೆ ಊಟ ಹಾಕುವ ಪದ್ಧತಿ ನಮ್ಮಲ್ಲಿಲ್ಲವೆಂದು ಹಿರಿಯರು ತಕರಾರು ತೆಗೆದರು. ಪಂಕಜಕ್ಕ ಅವರಿಗೆ, ಉಣ್ಣೋದಾದ್ರೆ ಬರ್ರಿ ಇಲ್ಲಾಂದ್ರೆ ಬಿಡ್ರಿ ಎಂದಳು. ಎಲ್ಲರೂ ಬಂದರು. ಶಾವಿಗೆ ಡಬ್ಬಿ ಖಾಲಿಯಾಯಿತು. ಎರಡನೆಯ ಪಂಕ್ತಿಯ ಹೊತ್ತಿಗೆ ಅದಕ್ಕೆ ಕೈಯೂಟ ಎಂದು ಹೆಸರೂ ಬಿದ್ದಿತ್ತು. ಮುಖ ಬಾರದ ಫೋಟೋ ಇದ್ದವರು ಇನ್ನೂ ಮೂವರು ಊರಿನಲ್ಲಿದ್ದರು. ಅವರು ತಮ್ಮ ಪಾಯಸ ಮುಗಿಸಿ ಕೈ ತೊಳೆದ ಮೇಲೂ ಪಂಕಜಕ್ಕನ ಮನೆಯಲ್ಲೇ ಬಹಳ ಹೊತ್ತು ಕೂತಿದ್ದರು.

ಮಾರನೆಯ ದಿನ ಬೆಳಿಗ್ಗೆ ಅವಳು ಸೆಂಟರಿಗೆ ಬಂದಳು. ಗೋಡೆಗೆ ಹಾಕಲು ಫೋಟೋ ಪ್ರಿಂಟ್ ಬೇಕೆಂದಳು. ನನಗೆ ಅದು ಮೊದಲೇ ಗೊತ್ತಿದ್ದರಿಂದ ಹಿಂದಿನ ದಿನವೇ ಕಂಪ್ಯೂಟರಿನಲ್ಲಿ ಒಂದಿಷ್ಟು ಕೆಲಸ ಮಾಡಿಟ್ಟಿದ್ದೆ. ಈಗಿನ ಸಾಫ್ಟ್‌ವೇರುಗಳು ಏನನ್ನು ಬೇಕಾದರೂ ಅಳಿಸುತ್ತವೆ. ನನ್ನ ಬೆರಳು ತೆಗೆದು ಆ ಜಾಗಕ್ಕೆ ಹಸಿರು ಗೋಡೆ ತುಂಬಿಸಿದ್ದೆ. ನೀಟಾಗಿ ಬಂದಿತ್ತು. ಫ್ರಿಜ್ಜು, ಪಂಕಜಕ್ಕ, ಭುಜದ ಮೇಲೆ ಕೈ, ಪಕ್ಕದಲ್ಲಿ ಸ್ವಚ್ಛವಾದ ಗೋಡೆ. ಹತ್ತೊಂಬತ್ತು ವರ್ಷದ ತಪ್ಪನ್ನು ಅಷ್ಟರಮಟ್ಟಿಗಾದರೂ ಸರಿ ಮಾಡಿದ ಸಮಾಧಾನದಲ್ಲಿ ಅವಳಿಗೆ ತೋರಿಸಿದೆ.

ಅವಳು ನೋಡಿದಳು. ಫೋಟೋದ ಆ ಗೋಡೆಯ ಮೇಲೆ ಕೈಯಿಟ್ಟು ನೋಡಿದಳು.

“ಇದ್ಯಾಕೋ ತೆಗೆದೆ?”

“ನನ್ನ ಬೆರಳು ಯಾಕಕ್ಕ ನಿನ್ ಮನೆ ಗೋಡೆ ಮೇಲೆ? ಚೆನ್ನಾಗಿರಲ್ಲ.”

“ವಾಪಸ್ ಹಾಕು,” ಎಂದಳು ಪಂಕಜಕ್ಕ. “ಅದ್ರ ಹಿಂದೆ ಅವ್ರು ನಿಂತವ್ರೆ.”